ಕಲಿಚಾಳ ತುಂಡಕ್ಷರದ ಪುಸ್ತಕ

ಅತ್‌ಬಾಶಿ ಎಂಬ ಊರಿನ ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಬೆರಳಚ್ಚು ಕುಟ್ಟಿದ ಕಲಿಚಾಳಿಗೆ ಒಂದು ಹುಚ್ಚಿತ್ತು. ಉದ್ದ ಹೆಸರನ್ನು ಒಂದೆರಡಕ್ಷರಕ್ಕೆ ಮೊಟಕು ಮಾಡಿದ ತುಂಡಕ್ಷರ ಎಲ್ಲಿ ಕಂಡರೂ ಚೀಟಿಯಲ್ಲಿ ಗೀಚಿಕೊಂಡು, ಬಲ್ಲವರನ್ನು ಕೇಳಿ ಅರ್ಥ ಬರೆದಿಡುತ್ತಿದ್ದಳು. ಕಾಗದ ಹಿಡಿದ ಕುರಿಗಾಹಿಗಳು ಅದರಲ್ಲೇನಿದೆ ಎಂದು ತಿಳಿಯದೆ ಕಚೇರಿ ಬಾಗಿಲಲ್ಲಿ ಪೆಚ್ಚಾಗಿ ನಿಲ್ಲುವುದನ್ನು ಎಷ್ಟು ಸಲ ನೋಡಿದ್ದಳೋ! ಪೂರ್ತಿ ಬರೆದರೆ ಸಾಹೇಬರ ಗಂಟೇನು ಹೋಗುತ್ತಿತ್ತು? ಆ ಕುರಿಗಾಹಿಗಳಿಗೆಂದೇ ಒಂದು ಪುಸ್ತಕ ಮಾಡಬೇಕೆಂದು ಹನ್ನೊಂದು ವರ್ಷ ಚೀಟಿ ಕೂಡಿಹಾಕಿದಳು. ಶುಕ್ರವಾರದೊಳಗೆ ಕೊಟ್ಟರೆ ಅಚ್ಚು ಹಾಕಿಸುತ್ತೇವೆ ಎಂದು ಗ್ರಂಥಾಲಯದವರು ಕೊನೆಗೂ ಒಪ್ಪಿದ್ದರು.

ಸೋಮವಾರ ಬೆಳಗ್ಗೆ ಹೊಸ ಸೊಸೆ ಜಿಬೆಕ್ ಎಲ್ಲರಿಗಿಂತ ಮೊದಲೆದ್ದು ಚಹಾದ ನೀರು ಕಾಯಿಸುವ ಸಮೋವರ್ ಹೊತ್ತಿಸಲು ರದ್ದಿ ಹುಡುಕಿದಳು. ಮೂಲೆಯ ಡಬ್ಬಿಯಲ್ಲಿ ಕೋಳಿ ಕೆದರಿದಂಥ ಬರಹದ ಚೂರುಪಾರು ಕಾಗದ ಸಿಕ್ಕಿತು. ಕಲಿಚಾ ಎದ್ದು ಬರುವಾಗ ನೀರು ಕುದಿಯುತ್ತಿತ್ತು, ಹನ್ನೊಂದು ವರ್ಷದ ಚೀಟಿಗಳ ಡಬ್ಬಿ ಬರಿದಾಗಿತ್ತು.

ಕಲಿಚಾ ಸೊಸೆಯನ್ನು ಬಾಯಿಗೆ ಬಂದಂತೆ ಬೈದಳು. ಆಮೇಲೆ ಅಂಗಳಕ್ಕೆ ಹೋಗಿ ಬಿಕ್ಕಿಬಿಕ್ಕಿ ಅತ್ತಳು. ಮುಖ ತೊಳೆದು ಒಳಗೆ ಬಂದರೆ, ಸೊಸೆ ಬಟ್ಟೆ ಗಂಟು ಕಟ್ಟುತ್ತಿದ್ದಳು.

"ನನ್ನನ್ನ ತವರಿಗೆ ಕಳಿಸಿಬಿಡಿ ಅತ್ತೆ. ನಿಮಗೆ ಮುಖ ತೋರಿಸೋ ಯೋಗ್ಯತೆ ನನಗಿಲ್ಲ."

"ಗಂಟು ಬಿಚ್ಚೆ ಸಾಕು! ಗೋಡೆ ಬಿದ್ದೋರ ಮನೆಗೆ ಊರೆಲ್ಲ ಬಂದು ಕೈ ಹಾಕಲ್ವಾ? ಹೋಗಿ ಕರಿ, ನಾಳೆ ನಮ್ಮನೇಲಿ ಅಶಾರ್, ಊರೆಲ್ಲ ಕೂಡಿ ಮಾಡೋ ಕೆಲಸ ಅನ್ನು. ಮಣ್ಣು ಕಲ್ಲು ಬೇಡ, ಅಕ್ಷರ ತರಲಿ."

ಮರುದಿನ ಒಂದು ಕುರಿ ಕಡಿದರು. ಮನೆ ತುಂಬ ಜನ. ಜಿಬೆಕ್ ಬರೆಯಲು ಕೂತಳು. ಕಲಿಚಾ, "ಡಿ.ಟಿ." ಎಂದು ನೆನಪಿದ್ದ ಮೊದಲ ತುಂಡಕ್ಷರ ಕೂಗಿದಳು.

"ಡೀಸೆಲ್ಲು! ಬಂಕಲ್ಲಿ ಇಷ್ಟು ದಪ್ಪಕ್ಕೆ ಬರೆದಿರ್ತಾರೆ," ಎಂದ ಲಾರಿ ಓಡಿಸುವ ಸಪಾರ್.

"ಅಯ್ಯೋ ಮಂಕೆ, ಅದು ಟ್ರ್ಯಾಕ್ಟರು ಕಣೋ! ಇಪ್ಪತ್ತು ವರ್ಷ ಅದರ ಮೇಲೆ ಕೂತು ನನ್ನ ಸೊಂಟ ಬಿದ್ದೋಯ್ತು," ಎಂದ ಮುದುಕ ಓಸ್ಮೊನ್.

"ಸುಮ್ನಿರಿ ಮಾವ," ಎಂದಳು ಊರ ದಾದಿ ತಾಜಿಕಾನ್. "ಗಂಟಲಮಾರಿಗೂ ಧನುರ್ವಾಯುಗೂ ಸೇರಿಸಿ ಹಾಕೋ ಸೂಜಿ ಅದು. ನಿಮ್ಮ ಮೊಮ್ಮಗಳು ಕಿರುಚಿ ಊರು ಎಬ್ಬಿಸಿದ್ದು ಮರೆತ್ರಾ?"

"ಮೂರನ್ನೂ ಬರ್ಕೊಳ್ಳೇ. ಯಾರದ್ದೂ ಸುಳ್ಳಲ್ಲ," ಎಂದಳು ಕಲಿಚಾ. ಸುಟ್ಟುಹೋದ ಚೀಟಿಯಲ್ಲಿ ಟ್ರ್ಯಾಕ್ಟರ್ ಒಂದೇ ಇತ್ತು. ಅವಳಿಗೆ ನಗು ಬಂತು.

ಮೂರು ದಿನ ಜನ ಬರುತ್ತಲೇ ಇದ್ದರು. ಜಿಬೆಕ್ ಬೆರಳು ಬಾತುಕೊಳ್ಳುವಷ್ಟು ಬರೆದಳು. ಗುರುವಾರ ಸಂಜೆಗೆ, ಪುಸ್ತಕ ಮಾಡಿದವರ ಹೆಸರು ಹಾಕುವ ಮೊದಲ ಪುಟವೊಂದು ಉಳಿಯಿತು. ಅಲ್ಲಿಗೆ ಬಂದು ಅವಳು ಲೇಖನಿ ಕೆಳಗಿಟ್ಟಳು. ಸೊಸೆಯಾದವಳು ಅತ್ತೆಯ ಹೆಸರೆತ್ತುವುದುಂಟೇ?

"ಇದೊಂದು ನೀವೇ ಬರ್ಕೊಳ್ಳಿ ಅತ್ತೆ."

ಕಲಿಚಾ ತನ್ನ ಹೆಸರು ಬರೆದಳು. ಲೇಖನಿಯನ್ನು ಕಾಗದದಿಂದ ಎತ್ತಲಿಲ್ಲ. "ನಿನ್ನ ಹೆಸರು ಹೇಳು. ಅಪ್ಪನ ಹೆಸರೂ ಸೇರಿಸು."

"ನನ್ನದ್ಯಾಕೆ? ಹಾಕಲೇಬೇಕಂದ್ರೆ ಒಂದಕ್ಷರ ಹಾಕಿ, ಸಾಕು."

"ಒಂದಕ್ಷರವಂತೆ! ಈ ಮನೇಲಿ ನಿನ್ನನ್ನ ಯಾರೂ ತುಂಡು ಮಾಡಿ ಬರೆಯಲ್ಲ. ಪೂರ್ತಿ ಹೇಳೇ."

ಜಿಬೆಕ್ ಕಣ್ಣೊರೆಸಿಕೊಂಡು ನಿಧಾನವಾಗಿ ಹೇಳಿದಳು. ಕಲಿಚಾ ಒಂದಕ್ಷರವನ್ನೂ ಬಿಡದೆ ಬರೆದಳು.