ಬ್ರೂನ್ಯಾನನ್ನು ನನಗೆ ಒಪ್ಪಿಸಿದ ದೊಡ್ಡವ್ವ

ಮೊನ್ನೆ ವಾಸ್ಕೋ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಒಣ ಸೀಗಡಿಯ ಚೀಲ ಇಟ್ಟುಕೊಂಡು ಕುಳಿತಳು. ಮುಂದಿನ ಸೀಟಿನವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ಒಂದು ಕಾಲಕ್ಕೆ ನನ್ನ ಅಂಗಿಯ ಜೇಬಿನಲ್ಲಿ ಇದೇ ವಾಸನೆ ಇರುತ್ತಿತ್ತು... ದೊಡ್ಡವ್ವ ಇದ್ದ ಕಾಲ ಅದು.

ದೊಡ್ಡವ್ವ ಎಂದರೆ ನಮ್ಮ ನೆರೆಯವಳು, ಬಳಗದವಳಲ್ಲ. ಗೋವಾದ ಝುವಾರಿನಗರದಲ್ಲಿ ನಮ್ಮ ಒಂಟಿ ಕೋಣೆಯ ಖೋಲಿಗೂ ಅವಳ ಖೋಲಿಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಇಳಕಲ್ಲ ಕಡೆಯವಳು. ದಾಬೋಳಿಯ ಒಂದು ಬಂಗಲೆಯಲ್ಲಿ ಪಾತ್ರೆ ತಿಕ್ಕಿ ಬಟ್ಟೆ ಒಗೆಯುತ್ತಿದ್ದಳು. ನಾನು ಆಗ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಪ್ರೆಸ್ ಮಶೀನಿನ ಮೇಲೆ ಕೆಲಸಕ್ಕಿದ್ದೆ. ಒಂದು ಮಧ್ಯಾಹ್ನ ಆ ಮಶೀನು ನನ್ನ ಬಲಗೈಯ ತೋರುಬೆರಳನ್ನೂ ಅದರ ಪಕ್ಕದ್ದನ್ನೂ ಕತ್ತರಿಸಿಹಾಕಿತು.

ಗಾಯ ಒಣಗಿದ ಮೇಲೂ ನಾನು ಹೊಸ್ತಿಲು ದಾಟಲಿಲ್ಲ. ಕೈಗೆ ಟವೆಲು ಸುತ್ತಿಕೊಂಡು ಕೂತಿರುತ್ತಿದ್ದೆ. ಎಡಗೈಯಲ್ಲಿ ಚಮಚ ಹಿಡಿದು, ಹೆಂಡತಿಗೆ ಬೆನ್ನು ಮಾಡಿ ಉಣ್ಣುತ್ತಿದ್ದೆ. ಅವಳು ನನ್ನ ಬದಲಿಗೆ ಕೆಲಸಕ್ಕೆ ಹೋಗತೊಡಗಿದಾಗ ಇನ್ನೂ ಕುಗ್ಗಿದೆ. ದುಡಿಯುವ ವಯಸ್ಸಿನ ಗಂಡಸು ಹಾಡಹಗಲೇ ಮನೆಯಲ್ಲಿ ಕೂತಿದ್ದಾನೆಂದು ಗಲ್ಲಿಯವರಿಗೆ ತಿಳಿಯಬಾರದೆಂದು ಬಾಗಿಲು ಹಾಕಿಕೊಂಡಿರುತ್ತಿದ್ದೆ. ತಿಳಿಯದವರು ಯಾರಿದ್ದರು ಆ ಗಲ್ಲಿಯಲ್ಲಿ...

ಅದೇ ದಿನಗಳಲ್ಲಿ ಬಂಗಲೆಯವರು ಪುಣೆಗೆ ಹೊರಟರು. ಅವರು ಬಿಟ್ಟುಹೋದ ಕಂದು ಬಣ್ಣದ ನಾಯಿಯನ್ನು ದೊಡ್ಡವ್ವ ಕರೆತಂದಳು. ಅಲ್ಲಿ ಬ್ರೂನೋ ಎಂದಿದ್ದದ್ದು ನಮ್ಮ ಗಲ್ಲಿಯಲ್ಲಿ ಬ್ರೂನ್ಯಾ ಆಯಿತು. ಬಂಗಲೆಯಲ್ಲಿ ಅದಕ್ಕೆ ಆಟ ಕಲಿಸಲು ಒಬ್ಬ ಮಾಸ್ತರ ಬರುತ್ತಿದ್ದನಂತೆ. ಇಲ್ಲಿ ಕಂಬಕ್ಕೆ ಕಟ್ಟಿಸಿಕೊಂಡ ನಾಯಿ ದಿನವಿಡೀ ಬೊಗಳಿತು, ಚಪ್ಪಲಿ ಕಡಿದು ಹಾಕಿತು, ಒಣಹಾಕಿದ ಬಟ್ಟೆ ಎಳೆಯಿತು. ಹುಚ್ಚು ಹಿಡಿದಿದೆ, ದೂರ ಬಿಟ್ಟು ಬಾ ಎಂದು ಗಲ್ಲಿಯವರು ಜಗಳಕ್ಕೆ ನಿಂತರು.

ಒಂದು ಬೆಳಿಗ್ಗೆ ದೊಡ್ಡವ್ವ ನನ್ನ ಬಾಗಿಲು ತಳ್ಳಿ ನಾಯಿಯನ್ನು ಒಳಗೆ ಬಿಟ್ಟಳು.

"ಇದಕ್ಕ ಹೊಟ್ಟಿಗೇನೂ ಕಡಿಮಿ ಇಲ್ಲ, ತಮ್ಮಾ. ತಲಿಗೆ ಕೆಲಸ ಇಲ್ಲ. ನಿನಗೂ ಹಂಗ ಆಗೈತಿ. ನಾ ಬರೂತನಕ ಇಬ್ಬರೂ ಏನರ ಮಾಡ್ಕೋತ ಇರ್ರಿ."

ಒಲ್ಲೆನೆಂದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಸ್ತರ ಕಲಿಸುವುದನ್ನು ಪಾತ್ರೆ ತಿಕ್ಕುತ್ತಲೇ ನೋಡಿದ್ದಳಂತೆ. ಹೊಡೆಯಬಾರದು, ಬೈಯಬಾರದು, ಮಾಡಿದ ಕೂಡಲೇ ಒಂದು ಸೀಗಡಿ ಕೊಡಬೇಕು, ನಾಯಿಗೆ ಇನ್ನೂ ಬೇಕು ಅನ್ನಿಸುತ್ತಿರುವಾಗಲೇ ಆಟ ನಿಲ್ಲಿಸಬೇಕು. ಇಷ್ಟು ಹೇಳಿ, ಸೀಗಡಿಯ ಪೊಟ್ಟಣ ಕೊಟ್ಟು, ಹೊಸದಾಗಿ ಹಿಡಿದ ಮನೆಗೆಲಸಕ್ಕೆ ಹೋದಳು.

ಬಟ್ಟಲುಗಳನ್ನು ಬೋರಲು ಹಾಕಿ, ಒಂದರ ಕೆಳಗೆ ಸೀಗಡಿ ಇಟ್ಟೆ. ನಾಯಿ ಬಟ್ಟಲುಗಳತ್ತ ಹೋಗದೆ ಸೀದಾ ನನ್ನ ಟವೆಲಿನೊಳಗೆ ಮೂತಿ ತುರುಕಿ, ಮೊಂಡು ಬೆರಳುಗಳನ್ನು ನೆಕ್ಕಿತು. ನಾನು ಕೈ ಕಿತ್ತುಕೊಂಡೆ. ಮೂಕಪ್ರಾಣಿಯ ಎದುರಿಗೂ ನನಗೆ ಅಷ್ಟು ನಾಚಿಕೆ... ನಾಯಿ ಮತ್ತೆ ಬಂತು. ಕೊನೆಗೆ ನಾನೇ ಟವೆಲು ಬಿಚ್ಚಿದೆ.

ಮುಂದೆ ದಿನಗಳು ಹೇಗೆ ಹೋದವೋ ತಿಳಿಯಲಿಲ್ಲ. ಬಟ್ಟಲಿನ ಆಟ ಕಲಿತ ಮೇಲೆ ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ ಸೀಗಡಿ ಬಚ್ಚಿಡುತ್ತಿದ್ದೆ. ಅದು ಪಂಜದಲ್ಲಿ ಒತ್ತಿ ಹಿಡಿದು, ಹಲ್ಲಿನಿಂದ ಗಂಟು ಬಿಚ್ಚುತ್ತಿತ್ತು. ನಳಕ್ಕೆ ನೀರು ಬಂದರೆ ಕೊಡ ಹೊರುವ ಸಿಂಬೆಯನ್ನು ಕಚ್ಚಿಕೊಂಡು ಹೋಗಿ ನನ್ನ ಹೆಂಡತಿಗೆ ಕೊಡುವುದನ್ನು ಕಲಿಸಿದೆ. ಮೊದಲು ಮೂಸಿದರೆ ಒಂದು ಸೀಗಡಿ, ಆಮೇಲೆ ಎತ್ತಿದರೆ ಮಾತ್ರ, ಆಮೇಲೆ ಎರಡು ಹೆಜ್ಜೆ ತಂದರೆ ಮಾತ್ರ... ಸಿಂಬೆ ಕೈಗೆ ಬಂದ ದಿನ ಅವಳು ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ನಾಯಿ ಬೊಗಳುವುದನ್ನು ಬಿಟ್ಟಿತು. ಸಂಜೆಗೆ ದಣಿದು ನಿದ್ದೆ ಹೋಗುತ್ತಿತ್ತು. ನಾನೂ ಹಾಗೆಯೇ.

ಎದುರು ಮನೆಯ ಕೂಸಿನ ತೊಟ್ಟಿಲು ಶಾಸ್ತ್ರಕ್ಕೆ ಗಲ್ಲಿಯೆಲ್ಲ ಸೇರಿತ್ತು. ದೊಡ್ಡವ್ವ ಹೆಮ್ಮೆಯಿಂದ ನಾಯಿಯ ಆಟದ ಸುದ್ದಿ ತೆಗೆದು ನನ್ನನ್ನು ಕರೆದಳು. ಬಲಗೈ ಪ್ಯಾಂಟಿನ ಜೇಬಿನಲ್ಲೇ ಇಟ್ಟುಕೊಂಡು ಹೋದೆ. ಬ್ರೂನ್ಯಾನಿಗೆ ಎಡಗೈ ತೋರಿಸಿ, ನಮಸ್ಕಾರ ಮಾಡು ಅಂದೆ. ಅದು ಸುಮ್ಮನೆ ನಿಂತಿತು. ನಾನು ಅದಕ್ಕೆ ಎಲ್ಲವನ್ನೂ ಬಲಗೈಯ ಸನ್ನೆಯಲ್ಲೇ ಕಲಿಸಿದ್ದೆ. ಐದು ಬೆರಳಿನ ಕೈಯ ಅರ್ಥ ಅದಕ್ಕೆ ತಿಳಿಯಲಿಲ್ಲ. ಮತ್ತೆ ಹೇಳಿದೆ. ಜನ ನಗತೊಡಗಿದರು. ಮನೆಯಲ್ಲಿ ಕೂತವನ ನಾಯಿ ಇನ್ನೇನು ಮಾಡೀತು ಎಂದು ಯಾರೋ ಅಂದರು. ದೊಡ್ಡವ್ವನ ಮುಖ ಸಣ್ಣದಾಯಿತು.

ಅವಳ ಆ ಮುಖ ನೋಡಲಾಗದೆ ಜೇಬಿನಿಂದ ಕೈ ತೆಗೆದೆ. ಅಂಗೈ ಕೆಳಗೆ ಮಾಡಿದೆ. ಬ್ರೂನ್ಯಾ ತಟ್ಟನೆ ಮುಂಗಾಲು ಚಾಚಿ, ತಲೆ ನೆಲಕ್ಕೆ ಹಚ್ಚಿತು.

ನಗು ನಿಂತಿತು. ಆದರೆ ನಾಯಿಯನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ನನ್ನ ಕೈಯ ಮೇಲಿತ್ತು. ಕಿವಿಯವರೆಗೆ ಬೆಂಕಿ ಹತ್ತಿದಂತಾಯಿತು. ಆಗ ದೊಡ್ಡವ್ವ ದನಿ ಏರಿಸದೆ ಅಂದಳು:

"ನಾಯಿ ನೋಡ್ರಿ. ಕೈ ಏನ್ ನೋಡ್ತೀರಿ?"

ಕೆಲವರು ತಲೆ ತಗ್ಗಿಸಿದರು. ಕೂಸಿನ ಅಜ್ಜಿ ನಾಯಿಗೆ ಒಂದು ತುಂಡು ಹೋಳಿಗೆ ಹಾಕಿದಳು. ನಾನು ಅಲ್ಲಿಂದ ಓಡಿಹೋಗಲಿಲ್ಲ, ಅಷ್ಟೇ.

ಆ ಮೇಲೆ ಒಂದು ಗೋದಾಮಿನಲ್ಲಿ ಕಾವಲು ಕೆಲಸಕ್ಕೆ ಸೇರಿದೆ. ಎಷ್ಟೋ ವರ್ಷಗಳಾದವು, ಈಗಲೂ ಅದೇ ಮಾಡುತ್ತೇನೆ. ದೊಡ್ಡವ್ವ ಕಳೆದ ಮಳೆಗಾಲದಲ್ಲಿ ಜ್ವರ ಬಂದು ಹಾಸಿಗೆ ಹಿಡಿದಳು. ದವಾಖಾನೆಗೆ ಹೊರಡುವಾಗ ಮಾತಾಡುವ ತ್ರಾಣ ಇರಲಿಲ್ಲ. ನಾಯಿಯ ತಲೆ ಸವರಿ ನನ್ನತ್ತ ನೋಡಿದಳು. ತಿರುಗಿ ಬರಲಿಲ್ಲ. ಊರಿನಿಂದ ಅವಳ ಅಣ್ಣನ ಮಗ ಬಂದು ದೇಹವನ್ನು ಇಳಕಲ್ಲಿಗೆ ಒಯ್ದ. ಖೋಲಿಯಲ್ಲಿ ಈಗ ಸಾವರ್ಡೆ ಕಡೆಯಿಂದ ಬಂದ ಬೇರೆ ಸಂಸಾರವಿದೆ.

ಬ್ರೂನ್ಯಾನಿಗೆ ವಯಸ್ಸಾಗಿ ಕಿವಿ ಕೇಳಿಸದು. ಎಷ್ಟು ಕೂಗಿದರೂ ವ್ಯರ್ಥ. ಸಂಜೆ ತಿರುಗಾಡಲು ಹೋದಾಗ ಅದು ಹಿಂದೆ ಉಳಿದರೆ, ರಸ್ತೆಯ ಅಂಚಿನಲ್ಲಿ ನಿಂತು ಬಲಗೈಯನ್ನು ಮೇಲೆತ್ತಿ ಹಿಡಿಯಬೇಕು. ಆಗ ಬಸ್ ಸ್ಟಾಪಿನ ಜನ ತಿರುಗಿ ನೋಡುತ್ತಾರೆ. ಅವರಿಗೆ ಉತ್ತರ ಕೊಡಲು ದೊಡ್ಡವ್ವ ಇಲ್ಲ. ಇಂದಿಗೂ ಮುಖ ಬಿಸಿಯಾಗುತ್ತದೆ. ನಾಯಿ ಹತ್ತಿರ ಬರುವವರೆಗೆ ಕೈ ಎತ್ತಿಕೊಂಡೇ ನಿಂತಿರುತ್ತೇನೆ. ಅದು ಈಗ ಬಹಳ ನಿಧಾನ ನಡೆಯುತ್ತದೆ.