ಅದು ಗಣಪನ ದಂತವಲ್ಲ

ದೆವ್ವ, ಪಿಶಾಚಿ, ಕೆರೆಯೊಳಗಿನ ಮೃಗ ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಮನೆಯಲ್ಲಿ ಯಾರೋ ಮಂತ್ರಿಸಿ ತಂದ ನಿಂಬೆಹಣ್ಣನ್ನು ಹಿಂಡಿ ಶರಬತ್ತು ಮಾಡಿ ಕುಡಿದವನು ನಾನು. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಆದರೆ ನೀವೆಷ್ಟೇ ನಕ್ಕರೂ ಕಂಡದ್ದನ್ನು ಕಂಡಿಲ್ಲ ಎಂದು ಹೇಳುವವನು ನಾನಲ್ಲ, ಅದನ್ನು ಈಗಲೇ ತಿಳಿಸಿಬಿಡುತ್ತೇನೆ.

ಕಲಬುರಗಿಯಲ್ಲಿ ಡಿಪ್ಲೊಮಾ ಮುಗಿಸಿ ಹೈದರಾಬಾದಿಗೆ ಬಂದು, ಕಾಚಿಗೂಡದಲ್ಲಿ ಮನೆ ಹಿಡಿದು, ಸಣ್ಣಪುಟ್ಟ ಗುತ್ತಿಗೆದಾರರ ಹತ್ತಿರ ಸೂಪರ್‌ವೈಸರ್ ಆಗಿದ್ದೆ. ಗಣೇಶ ಹಬ್ಬ ಮುಗಿದ ಮೇಲೆ ಪ್ರತಿವರ್ಷ ಒಂದು ಕೆಲಸ ಸಿಗುತ್ತಿತ್ತು. ಊರವರೆಲ್ಲ ಕುಣಿದು ಕೆರೆಗೆ ಬಿಟ್ಟ ಮೂರ್ತಿಗಳನ್ನು ನಾವು ಹೊರಗೆ ತೆಗೆಯಬೇಕು. ಕ್ರೇನು ದಡದ ಮೇಲೆ ನಿಲ್ಲುತ್ತದೆ. ಮುಳುಗುವವನು ಉಸಿರು ಕಟ್ಟಿ ಕೆಳಗಿಳಿದು, ಕೆಸರಲ್ಲಿ ಕೂತ ಮೂರ್ತಿಗೆ ಕ್ರೇನಿನ ಬೆಲ್ಟು ಸುತ್ತಿ ಬರುತ್ತಾನೆ. ಅವನ ಸೊಂಟಕ್ಕೊಂದು ಹಗ್ಗ. ಅದರ ಇನ್ನೊಂದು ತುದಿ ತೆಪ್ಪದ ಮೇಲೆ ಕೂತ ನನ್ನ ಕೈಯಲ್ಲಿ. ಒಮ್ಮೆ ಜಗ್ಗಿದರೆ ಸಡಿಲ ಬಿಡಬೇಕು, ಎರಡು ಸಲ ಜಗ್ಗಿದರೆ ಎಳೆದುಕೊಳ್ಳಬೇಕು. ಬಣ್ಣ, ಕೆಸರು ಕಲೆತ ಆ ನೀರಿನೊಳಗೆ ಏನೂ ಕಾಣದು, ಕೈಯಲ್ಲಿ ಮುಟ್ಟಿ ನೋಡಿಯೇ ತಿಳಿಯಬೇಕು.

ನಮ್ಮಲ್ಲಿ ಮುಳುಗುತ್ತಿದ್ದವನು ಮಾರೆಪ್ಪ, ರಾಯಚೂರು ಕಡೆ ಕೃಷ್ಣಾ ದಂಡೆಯವನು. ಹೊಳೆಯ ಆಳವಾದ ಮಡುಗಳಲ್ಲಿ ಕೋರೆಹಲ್ಲಿನ ದೊಡ್ಡದೊಂದು ಪ್ರಾಣಿ ಇರುತ್ತದೆಂದು ಅವನ ಅಜ್ಜಿ ಹೇಳುತ್ತಿದ್ದಳಂತೆ. ಅವರ ಮನೆಯಲ್ಲಿ ಅದಕ್ಕೆ ಮಡುವಿನಾನೆ ಎಂದು ಹೆಸರು. ಬುತ್ತಿ ಬಿಚ್ಚಿದಾಗಲೆಲ್ಲ ಅದರ ಸುದ್ದಿ ತೆಗೆಯುತ್ತಿದ್ದ.

"ಸಿಕ್ಕರ ಹೇಳೋ, ಅದಕ್ಕೂ ಒಂದು ಬೆಲ್ಟು ಹಾಕೂಣು," ಎಂದು ನಾನು ಕಾಡುತ್ತಿದ್ದೆ.

"ನಗ್ರಿ ಸರ, ನಗ್ರಿ. ಒಂದಿನಾನೂ ನೀರಿಗೆ ಇಳದಿಲ್ಲ ನೀವು, ಅದಕ್ಕ ನಗಾಕತ್ತೀರಿ," ಎನ್ನುತ್ತಿದ್ದ ಅವನು.

ಇಂಥ ಕಥೆಗಳು ಅಮಾವಾಸ್ಯೆಯ ರಾತ್ರಿಯೇ ನಡೆಯುತ್ತವೆ ಎಂದು ಕೇಳಿದ್ದೇನೆ. ನನ್ನದು ನಡೆದದ್ದು ಬೆಳಿಗ್ಗೆ ಹನ್ನೊಂದಕ್ಕೆ, ನೆತ್ತಿ ಸುಡುವ ಬಿಸಿಲಿನಲ್ಲಿ, ಉಪ್ಪಲ್ ದಾಟಿದ ಮೇಲೆ ಸಿಗುವ ಒಂದು ಕೆರೆಯಲ್ಲಿ. ನಾನು ಕುಡಿದಿರಲಿಲ್ಲ, ಉಪವಾಸವೂ ಇರಲಿಲ್ಲ. ಎರಡು ಪ್ಲೇಟ್ ಇಡ್ಲಿ ತಿಂದು ಬಂದಿದ್ದೆ.

ಮಾರೆಪ್ಪ ಕೆಳಗಿಳಿದು ಸ್ವಲ್ಪ ಹೊತ್ತಾಗಿತ್ತು. ಹಗ್ಗ ಹೋದ ಜಾಗಕ್ಕೆ ಹತ್ತಿರದಲ್ಲೇ, ನನ್ನಿಂದ ನಾಲ್ಕೈದು ಮಾರು ದೂರದಲ್ಲಿ ನೀರು ಉಬ್ಬಿ ಒಂದು ತಲೆ ಮೇಲೆ ಬಂತು. ಅದಕ್ಕೆ ಸೊಂಡಿಲಿರಲಿಲ್ಲ. ಬೆಕ್ಕಿನದರಂತೆ ಅಗಲವಾದ ಮುಖ, ಚರ್ಮಕ್ಕೆ ಅಂಟಿದ ಒದ್ದೆ ಕೂದಲು. ಮೇಲಿನ ದವಡೆಯಿಂದ ಎರಡು ಕೋರೆಗಳು ನೇರವಾಗಿ ಕೆಳಗಿಳಿದಿದ್ದವು, ಒಂದೊಂದೂ ಗೇಣಿಗಿಂತ ಉದ್ದ. ಮೂಗಿನ ಹೊಳ್ಳೆ ತೆರೆದು ಒಮ್ಮೆ ಭುಸ್ಸೆಂದು ಉಸಿರು ಬಿಟ್ಟಿತು. ಆಮೇಲೆ ಸದ್ದಿಲ್ಲದೆ, ಹಗ್ಗ ಇಳಿದ ಕಡೆಗೇ ಮುಳುಗಿತು.

ನಾನು ಸನ್ನೆಗೆ ಕಾಯದೆ ಹಗ್ಗ ಎಳೆದೆ. ಅಂಗೈ ಚರ್ಮ ಕಿತ್ತುಹೋದದ್ದು ತಿಳಿದದ್ದು ಆಮೇಲೆ.

ಮೇಲೆ ಬಂದ ಮಾರೆಪ್ಪ ಕೆಮ್ಮುತ್ತಲೇ ರೇಗಿದ. "ಯಾಕ ಎಳದ್ರಿ ಸರ? ಈಗರ ಬೆಲ್ಟು ಸುತ್ತಿದ್ದೆ, ದೊಡ್ಡ ಮೂರ್ತಿ ಐತಿ!"

"ಮೊದಲ ಮ್ಯಾಲ ಹತ್ತು. ನೀರಾಗ ಏನೋ ಐತಿ," ಎಂದೆ. ಕೋರೆಯ ಸಂಗತಿ ಹೇಳುತ್ತಿದ್ದಂತೆ ಅವನು ನನ್ನ ಮುಖ ನೋಡಿ, ತೆಪ್ಪ ಅಲ್ಲಾಡುವಂತೆ ನಕ್ಕುಬಿಟ್ಟ. ಅಷ್ಟರಲ್ಲಿ ಕ್ರೇನಿನವನು ಬೆಲ್ಟು ಎತ್ತಿದ. ಹಾಕಿದ ಸುತ್ತು ಹಾಗೇ ಇತ್ತು, ಒಳಗೆ ಏನೂ ಇರಲಿಲ್ಲ.

ಗುತ್ತಿಗೆದಾರ ದಡದಿಂದ, ಇನ್ನೊಮ್ಮೆ ಇಳಿಸು ಎಂದು ಕೂಗಿದ. ಮಾರೆಪ್ಪನೂ ಸಿದ್ಧನಾಗಿದ್ದ. ನಾನು ಅವನ ಸೊಂಟದ ಹಗ್ಗ ಬಿಚ್ಚಿ ನನ್ನ ತೋಳಿಗೆ ಸುತ್ತಿಕೊಂಡು ಕೂತುಬಿಟ್ಟೆ. ಆ ನೀರಿಗೆ ಅವನನ್ನು ನಾನಂತೂ ಇಳಿಸುವುದಿಲ್ಲ ಎಂದೆ. "ಪಾಗಲ್ ಹೋ ಗಯಾ ಕ್ಯಾ?" ಎಂದ ಗುತ್ತಿಗೆದಾರ. ಬಿಸಿಲಿಗೆ ಕಣ್ಣು ಮಂಜಾಗಿ ಗಣಪನ ದಂತ ನೋಡಿ ಬೆದರಿದೆ ಎಂದು ಎಲ್ಲರೆದುರು ಒಪ್ಪಿಕೋ, ಇಲ್ಲವೇ ಮನೆಗೆ ನಡಿ ಎಂದ. ನಾನು ಮನೆಗೆ ನಡೆದೆ.

ಆದರೆ ದಡ ದಾಟುವಷ್ಟರಲ್ಲಿ ಇನ್ನೊಂದು ಕಾಟ ಶುರುವಾಯಿತು. ಸುದ್ದಿ ಹಬ್ಬಿ ಜನ ತೆಂಗಿನಕಾಯಿ, ಕರ್ಪೂರ ಹಿಡಿದು ಬಂದಿದ್ದರು. ಸ್ವಾಮಿ ನಿನಗೆ ದರ್ಶನ ಕೊಟ್ಟಿದ್ದಾನೆ ಎಂದು ಒಬ್ಬಾಕೆ ನನ್ನ ಹಣೆಗೆ ಕುಂಕುಮ ಬಳಿದಳು. ನಾನು ಒರೆಸಿಕೊಂಡೆ. ಅಮ್ಮಾ, ಇದುವರೆಗೆ ನಾನು ಎತ್ತಿದ ಗಣಪನಿಗೆಲ್ಲ ಒಂದು ದಂತ ಮೊಂಡು, ಇದಕ್ಕೆ ಎರಡೂ ಪೂರ್ತಿ ಇದ್ದವು, ಇದು ಸ್ವಾಮಿಯೂ ಅಲ್ಲ ಮೂರ್ತಿಯೂ ಅಲ್ಲ ಎಂದೆ. ನಂಬುವವರೂ ಬೈದರು, ನಂಬದವರೂ ಬೈದರು. ಒಂದೇ ದಿನದಲ್ಲಿ ಎರಡು ಪಂಗಡಕ್ಕೂ ಬೇಡವಾದೆ.

ಮರುದಿನ ಬೇರೆ ಸೂಪರ್‌ವೈಸರ್ ಬಂದ. ಮಾರೆಪ್ಪ ಅದೇ ಜಾಗಕ್ಕೆ ಇಳಿದು, ತಳವೆಲ್ಲ ತಡಕಿ ಏನೂ ಇಲ್ಲ ಎಂದನಂತೆ. ಆಮೇಲೆ ವರ್ಷಗಟ್ಟಲೆ ಎಲ್ಲರೂ ನನ್ನ ಬಾಯಿ ಮುಚ್ಚಿಸಿದ್ದು ಇದೊಂದೇ ಮಾತಿನಿಂದ. ಮಾರೆಪ್ಪನೇ ನೋಡಿ ಬಂದಿದ್ದಾನಲ್ಲ, ಇನ್ನೇನು ನಿನ್ನದು? ನನ್ನ ಹೆಂಡತಿ ಸಹ ಹಾಗೇ ಕೇಳಿದಳು. ಅದರಿಂದ ನನಗೆ ನಿಜಕ್ಕೂ ನೋವಾಯಿತು.

ಬೇಗಂಪೇಟೆಯ ಆಫೀಸಿಗೆ ಹೋಗುವ ಮೈಸೂರಿನ ಹೆಣ್ಣುಮಗಳೊಬ್ಬಳು ನಮ್ಮ ಪಕ್ಕದ ಮನೆಯಲ್ಲಿದ್ದಳು. ಅವಳೊಬ್ಬಳೇ ನಗದೆ ಕೇಳಿದವಳು. ಒಂದು ದಿನ ಫೋನಿನಲ್ಲಿ ಚಿತ್ರ ತೋರಿಸಿ, "ಅಂಕಲ್, ಈ ಥರ ಇತ್ತಾ?" ಎಂದಳು. ಸಾವಿರಾರು ವರ್ಷಗಳ ಹಿಂದೆಯೇ ಅಳಿದುಹೋದ ಕೋರೆಹಲ್ಲಿನ ಬೆಕ್ಕು. ಆಫ್ರಿಕಾದ ನದಿಗಳಲ್ಲೂ ಕೋರೆಯ ನೀರುಮೃಗದ ಕಥೆಗಳಿವೆಯಂತೆ, ಆ ಹಳೆಯ ಬೆಕ್ಕಿನ ಜಾತಿಯೇ ಎಲ್ಲೋ ನೀರಿಗಿಳಿದು ಉಳಿದಿರಬಹುದು ಎನ್ನುವವರೂ ಇದ್ದಾರಂತೆ. ಹಲ್ಲು ಹೋಲುತ್ತಿತ್ತು, ನಿಜ. ಆದರೆ ಅಂಥ ಪ್ರಾಣಿ ಉಪ್ಪಲ್ ಆಚೆಯ ಕೆರೆಗೆ ಹೇಗೆ ಬಂತು, ಏನು ತಿಂದು ಬದುಕಿತು? ಉತ್ತರವಿಲ್ಲದ ಮೇಲೆ ಹೌದೆಂದು ಹೇಗೆ ಹೇಳಲಿ? ಅವಳಿಗೂ ಇಲ್ಲವೆಂದೆ.

ಹೋದ ವರ್ಷ ಕಾಚಿಗೂಡ ಸ್ಟೇಷನ್ನಿನಲ್ಲಿ ಮಾರೆಪ್ಪ ಸಿಕ್ಕಿದ. ಕಿವಿ ಮಂದವಾಗಿ ನೀರಿಗಿಳಿಯುವುದನ್ನು ಬಿಟ್ಟು, ಊರಿಗೆ ಹೊರಟಿದ್ದ. ಚಹಾ ಕುಡಿಯುತ್ತ, ನಾನು ಕೇಳದೆಯೇ ಹೇಳಿದ.

"ಸರ, ಆವತ್ತು ನಾ ಬೆಲ್ಟು ಬಿಗಿ ಮಾಡಿದ್ನಿ ನೋಡ್ರಿ, ಅದು ಜೀವ ಇದ್ದಂಗ ತನ್ನ ಹೊಟ್ಟಿ ಒಳಗ ಎಳಕೊಂತು."

ಮತ್ತೆ ಮರುದಿನ ಅಲ್ಲಿ ಏನೂ ಇಲ್ಲ ಎಂದದ್ದು ಯಾಕೆ ಎಂದು ಕೂಗಿಯೇ ಕೇಳಿದೆ.

"ಆ ಜಾಗಕ್ಕ ಇಳದ್ರ ಅಲ್ಲೇನ್ರಿ ಗೊತ್ತಾಗೂದು? ಬಾಜೂಕ ಮುಳುಗಿ ಎದ್ದೆ. ಐತಿ ಅಂದಿದ್ರ ಕೆಲಸ ನಿಲ್ತಿತ್ತು, ಹಿಂದಿನ ದಿನ ನಿಮ್ಮ ಮುಂದ ನಕ್ಕಿದ್ದೂ ಅದಕ್ಕ. ನೀವು ಓದಿದವರು, ಬ್ಯಾರೆ ಕಡೆ ಹೋದ್ರಿ. ನನಗ ಮುಳುಗೂದು ಬಿಟ್ರ ಏನ್ ಬರತದ್ರಿ?"

ನನಗೆ ಮೊದಲು ಬಂದದ್ದು ಸಿಟ್ಟು, ಅದನ್ನು ಮುಚ್ಚಿಡುವುದಿಲ್ಲ. ಇಷ್ಟು ವರ್ಷ ಹುಚ್ಚನೆನ್ನಿಸಿಕೊಂಡದ್ದು ಇವನ ಒಂದು ಸುಳ್ಳಿನಿಂದ. ಬೈಯಲೆಂದೇ ಬಾಯಿ ತೆರೆದೆ. ಅವನು ಲೋಟ ಕೆಳಗಿಟ್ಟು, ಅಂದು ಬೆಲ್ಟು ಬಿಗಿದ ಕೈಗಳನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ. ಅದನ್ನು ಮುಟ್ಟಿದವನು ಅವನು, ನಾನು ದೂರದಿಂದ ನೋಡಿದವನಷ್ಟೇ. ರಾಯಚೂರಿನ ಗಾಡಿ ಬಂತು. ಅವನ ಚೀಲ ನಾನೇ ಎತ್ತಿ ಒಳಗಿಟ್ಟೆ.

ಅದೇನಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಿದೆ ಎಂದು ನಟಿಸುವುದೂ ಇಲ್ಲ. ಆದರೆ ಹಗ್ಗ ಈಗ ನನ್ನ ಕೈಯಲ್ಲಿದ್ದರೂ ಮಾರೆಪ್ಪನನ್ನು ಆ ನೀರಿಗೆ ಇಳಿಸುವುದಿಲ್ಲ.