ಕೊಡೆಯ ಕಡೆಗೊಂದು ಕಣ್ಣು

ಬೀದಿಯವರು ಅವರನ್ನು ಅರ್ಥದ ಮೇಷ್ಟ್ರು ಎನ್ನುತ್ತಿದ್ದರು. ಎದುರಿಗೆ ಗಂಭೀರವಾಗಿ, ಬೆನ್ನ ಹಿಂದೆ ಕಿಸಕ್ಕನೆ. ಶಾಲೆಯಿಂದ ನಿವೃತ್ತರಾದ ಮೇಲೆ ಎಳೆಯ ಮಕ್ಕಳಿಗೊಂದು ಇಂಗ್ಲಿಷ್ ಪದಕೋಶ ಬರೆಯಲು ಕೂತಿದ್ದರು. ಸ್ಪೂನ್, ಅಂಬ್ರೆಲಾ, ಗ್ಲಾಸ್ ಮುಂತಾದ ದಿನಬಳಕೆಯ ಪದಗಳಿಗೆ ಒಂದೊಂದು ಸಾಲಿನ ಸುಲಭ ಅರ್ಥ. ರಟ್ಟಿನ ಮೇಲೆ ತಮ್ಮ ಹೆಸರು ದಪ್ಪಕ್ಷರದಲ್ಲಿ ಬರಬೇಕೆಂಬುದೇ ಅವರ ಜೀವಮಾನದ ಆಸೆ. ಪ್ರಕಾಶಕ ಮಾತ್ರ, “ಮಕ್ಕಳಿಗೆ ತಿಳೀಲಿ, ಆಮೇಲೆ ಹಾಕೋಣ” ಎಂದಿದ್ದ.

ತಿಳಿಯದೆ ಏನು? ಮೇಷ್ಟ್ರು ಪ್ರತಿ ಅರ್ಥವನ್ನೂ ಹೆಂಡತಿಯ ಮೇಲೆ ಪರೀಕ್ಷಿಸುತ್ತಿದ್ದರು. ಇವರು ಅರ್ಥ ಓದಬೇಕು, ಆಕೆ ಪದ ಹೇಳಬೇಕು. ಹೇಳಿದರೆ ಅರ್ಥ ಪಾಸು.

“ಮನೆಯಲ್ಲಿರುವ ಬಹಳ ಉಪಯುಕ್ತವಾದ ವಸ್ತು.” ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಓದುವರು.

“ಅಂಬ್ರೆಲಾ.” ಆಕೆ ತರಕಾರಿ ಹೆಚ್ಚುತ್ತಲೇ ಅನ್ನುವರು.

“ನೋಡಿದ್ಯಾ, ಎಷ್ಟು ಸರಳ!”

“ಹೂಂ ರೀ. ಸ್ವಲ್ಪ ಪಕ್ಕಕ್ಕೆ ಬನ್ನಿ, ಬೆಳಕು ಬರ್ಲಿ.”

ಹೀಗೆ ಇಡೀ ಪುಸ್ತಕ ಪಾಸಾಯಿತು. ಪ್ರಕಾಶಕ ಅವರನ್ನು ಹತ್ತಿರದ ಶಾಲೆಗೆ ಕರೆದೊಯ್ದ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಅದೇ ಸಾಲು ಓದಿದರು. ಓದುತ್ತಾ ಅಭ್ಯಾಸಬಲದಿಂದ ಕಣ್ಣು ಬಾಗಿಲ ಮೂಲೆಗೆ ಹೋಯಿತು. ಮನೆಯಲ್ಲಾದರೆ ಅಲ್ಲಿ ಕೊಡೆ ತೂಗುತ್ತಿತ್ತು. ಇಲ್ಲಿ ಕಸಪೊರಕೆ ಒರಗಿತ್ತು.

“ಬ್ರೂಮ್!” ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು.

“ನೀರು ಕುಡಿಯಲು ಬೇಕಾದದ್ದು?” ಈ ಸಲ ಅವರ ಕಣ್ಣಿಗೆ ಆತುಕೊಳ್ಳಲು ಏನೂ ಸಿಗಲಿಲ್ಲ.

“ಬಾಯಿ, ಸಾರ್,” ಎಂದಿತು ಮುಂದಿನ ಬೆಂಚಿನ ಪುಟಾಣಿ. ಪ್ರಕಾಶಕ ಕರವಸ್ತ್ರದಿಂದ ಮುಖ ಮುಚ್ಚಿಕೊಂಡ. ಹೊರಗೆ ಬಂದ ಮೇಲೆ, “ಬೇರೆಯವರ ಹತ್ರ ಬರೆಸ್ತೀನಿ, ಬೇಜಾರಾಗ್ಬೇಡಿ,” ಎಂದ.

“ಈಗಿನ ಮಕ್ಕಳ ತಲೇಲಿ ಬರೀ ಜೇಡಿಮಣ್ಣು,” ಮೇಷ್ಟ್ರು ಮನೆಗೆ ಬಂದು ಹಾರಾಡಿದರು. “ನಿನಗೆ ತಿಳಿದದ್ದು ಅವಕ್ಕೆ ತಿಳಿಯಲ್ವಾ?”

“ನನಗೆಲ್ಲಿ ತಿಳೀತು? ಓದೋವಾಗ ನೀವು ಕೊಡೇನೇ ದುರುಗುಟ್ಟಿ ನೋಡ್ತಿದ್ರಿ. ಅಂಬ್ರೆಲಾ ಅಂದೆ.” ಆಕೆ ಈಗಲೂ ತರಕಾರಿ ಹೆಚ್ಚುತ್ತಲೇ ಇದ್ದರು.

“ಮೊದಲೇ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಇನ್ನೊಂದು ಸಲ ಓದ್ತಿದ್ರಲ್ಲ!”

ಮೇಷ್ಟ್ರು ಎದ್ದು ಕೊಡೆ ಇಳಿಸಿ ಬಿಚ್ಚಿದರು. ಕಡ್ಡಿಯೊಂದು ಮುರಿದಿತ್ತು, ಬಟ್ಟೆಗೆ ಹೆಂಡತಿ ಎಂದೋ ಹಾಕಿದ ತೇಪೆಯಿತ್ತು. ಮಗ್ಗುಲು ತಿರುಗಿಸಿ ನೋಡಿದರು. ಆಮೇಲೆ ಕೊಡೆಯತ್ತ ನೋಡದೆ, ಗೋಡೆಗೆ ಮುಖ ಮಾಡಿ ಮೆಲ್ಲಗೆ ಕೇಳಿದರು:

“ಮಳೇಲಿ ತಲೆ ಮೇಲೆ ಹಿಡ್ಕೊಳ್ಳೋದು. ಏನು ಹೇಳು?”

ಆಕೆ ಮೊದಲ ಸಲ ಹೆಚ್ಚುವುದನ್ನು ನಿಲ್ಲಿಸಿದರು.